ಹಬ್ಬ–ರಜೆಯ ಸಾಲಿನಲ್ಲಿ ತೂಕ ಏರುವುದು ಯಾವ ದಿನ?

ಪ್ರಶ್ನೆ: ನನಗೆ 42 ವರ್ಷ, ತೂಕ 65 ಕಿಲೋ, ದಿನವಿಡೀ ಕುಳಿತು ಮಾಡುವ ಕೆಲಸ. ಹಬ್ಬ, ರಜೆ, ಔತಣ ಎಲ್ಲ ಒಟ್ಟೊಟ್ಟಿಗೆ ಬರುವ ನಾಲ್ಕೈದು ವಾರಗಳಲ್ಲಿ ಪ್ರತಿ ವರ್ಷ ಎರಡು–ಮೂರು ಕಿಲೋ ಏರುತ್ತೇನೆ. ಔತಣವಿರುವ ದಿನ ಬೆಳಗ್ಗೆ ಏನೂ ತಿನ್ನುವುದಿಲ್ಲ, ಮರುದಿನ ಒಂದೂವರೆ ಗಂಟೆ ಓಡುತ್ತೇನೆ. ಆದರೂ ಪ್ರಯೋಜನವಾಗುತ್ತಿಲ್ಲ. ಜೊತೆಯಲ್ಲಿರುವ ಅಮ್ಮನಿಗೆ ಟೈಪ್ 2 ಮಧುಮೇಹ, ಮಾತ್ರೆ ತೆಗೆದುಕೊಳ್ಳುತ್ತಾರೆ. ಹಬ್ಬದ ಊಟ ಬಿಡದೆ ಇಬ್ಬರೂ ಹೇಗೆ ನಿಭಾಯಿಸುವುದು?

ಉತ್ತರ: ಮೊದಲು ತೂಕದ ಯಂತ್ರ ತೋರಿಸುವ ಸಂಖ್ಯೆಯನ್ನು ಬಿಡಿಸಿ ನೋಡೋಣ. ಔತಣದ ಮರುದಿನ ಬೆಳಗ್ಗೆ ಒಂದೂವರೆ ಕಿಲೋ ಹೆಚ್ಚು ತೋರಿಸಿತೆಂದರೆ ಅದು ಕೊಬ್ಬಲ್ಲ. ಒಂದು ಕಿಲೋ ಕೊಬ್ಬು ಸೇರಬೇಕಾದರೆ ದೇಹ ಖರ್ಚು ಮಾಡುವುದಕ್ಕಿಂತ ಸುಮಾರು 7,700 ಕಿಲೋಕ್ಯಾಲೊರಿ ಹೆಚ್ಚು ತಿನ್ನಬೇಕು. ಎಷ್ಟೇ ಗಡದ್ದಾಗಿ ಉಂಡರೂ ಒಂದೇ ದಿನದಲ್ಲಿ ಅದು ಆಗುವ ಮಾತಲ್ಲ. ಹಾಗಾದರೆ ಏರಿದ್ದೇನು? ಅನ್ನ, ಬ್ರೆಡ್, ಸಿಹಿಗಳಲ್ಲಿನ ಪಿಷ್ಟ–ಸಕ್ಕರೆಯ ಒಂದು ಭಾಗ ಗ್ಲೈಕೋಜನ್ ಆಗಿ ಯಕೃತ್ತಿನಲ್ಲೂ ಸ್ನಾಯುಗಳಲ್ಲೂ ಕೂರುತ್ತದೆ. ಒಂದು ಗ್ರಾಂ ಗ್ಲೈಕೋಜನ್ ತನ್ನ ಜೊತೆ ಸುಮಾರು ಮೂರು ಗ್ರಾಂ ನೀರು ಹಿಡಿದಿಟ್ಟುಕೊಳ್ಳುತ್ತದೆ. 200 ಗ್ರಾಂ ಸೇರಿದರೆ ನೀರೂ ಸೇರಿ 800 ಗ್ರಾಂ. ಊಟದಲ್ಲಿ ಉಪ್ಪು ನಾಲ್ಕು ಗ್ರಾಂ ಹೆಚ್ಚಾಗಿದ್ದರೆ, ಮೂತ್ರಪಿಂಡ ಅದನ್ನು ಹೊರಹಾಕುವ ತನಕ ಇನ್ನೊಂದು 400 ಮಿಲಿಲೀಟರಿನಷ್ಟು ನೀರು ನಿಲ್ಲುತ್ತದೆ. ಕರುಳಿನಲ್ಲಿ ಇನ್ನೂ ಇರುವ ಆಹಾರದ ತೂಕ ಬೇರೆ. ಮೂರ್ನಾಲ್ಕು ದಿನ ಎಂದಿನಂತೆ ಉಂಡರೆ ಇದೆಲ್ಲ ತಾನಾಗಿ ಇಳಿಯುತ್ತದೆ. ಅದನ್ನು ಕಂಡು ಗಾಬರಿಯಾಗಿ ಉಪವಾಸ ಕೂರುವುದೂ, ‘ಹೇಗೂ ಕೆಟ್ಟಿತು, ಹಬ್ಬ ಮುಗಿದ ಮೇಲೆ ನೋಡೋಣ’ ಎಂದು ಕೈಚೆಲ್ಲುವುದೂ ಎರಡೂ ತಪ್ಪು. ಎರಡನೆಯದು ಹೆಚ್ಚು ದುಬಾರಿ.

ಈಗ ನಿಜವಾದ ಕೊಬ್ಬಿನ ಲೆಕ್ಕ. ಐದು ವಾರ ಎಂದರೆ 35 ದಿನ. ಅದರಲ್ಲಿ ಔತಣ ಐದು ದಿನ ಎಂದುಕೊಳ್ಳಿ. ಒಂದೊಂದು ಔತಣಕ್ಕೂ 800 ಕಿಲೋಕ್ಯಾಲೊರಿ ಹೆಚ್ಚುವರಿ ಎಂದರೆ ಒಟ್ಟು 4,000, ಅಂದರೆ ಅರ್ಧ ಕಿಲೋ ಚಿಲ್ಲರೆ. ಉಳಿದ 30 ದಿನಗಳಲ್ಲಿ ಡಬ್ಬಿಯಿಂದ ತೆಗೆದ 40 ಗ್ರಾಮಿನ ಒಂದು ಸಿಹಿ (ಸುಮಾರು 180), ಬಂದವರ ಜೊತೆ ಕುಡಿದ ಅರ್ಧ ಲೋಟ ಸಿಹಿ ಪಾನೀಯ (ಸುಮಾರು 50), ತಪ್ಪಿಹೋದ ಅರ್ಧ ಗಂಟೆಯ ನಡಿಗೆ (ಕುಳಿತಿದ್ದರೂ ಖರ್ಚಾಗುವುದನ್ನು ಕಳೆದರೆ ಸುಮಾರು 100) ಸೇರಿ ದಿನಕ್ಕೆ 330 ಆಗುತ್ತದೆ. 30 ದಿನಕ್ಕೆ ಹತ್ತು ಸಾವಿರದ ಹತ್ತಿರ, ಅಂದರೆ ಕಿಲೋ ಮೇಲೆ ಕಾಲು ಕಿಲೋ. ಲೆಕ್ಕ ಸ್ಥೂಲವೇ, ಆದರೆ ಅದು ಬೆರಳು ತೋರಿಸುವ ಕಡೆ ಸರಿಯಾಗಿದೆ. ನೀವು ಕಾವಲು ಕಾಯುತ್ತಿರುವುದು ಐದು ದಿನಗಳನ್ನು, ತೂಕ ಏರುತ್ತಿರುವುದು ಮೂವತ್ತು ದಿನಗಳಲ್ಲಿ.

ಸರಾಸರಿ ಎಷ್ಟು ಏರುತ್ತದೆ ಎಂಬುದಕ್ಕೆ ಒಂದು ಹಳೆಯ ಅಳತೆ ಇದೆ. 2000ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ 195 ವಯಸ್ಕರನ್ನು ವರ್ಷಾಂತ್ಯದ ರಜಾಕಾಲದ ಹಿಂದೆಮುಂದೆ ತೂಗಿ ನೋಡಿದಾಗ ಏರಿದ್ದು ಸರಾಸರಿ 0.37 ಕಿಲೋ ಮಾತ್ರ. ತಮಗೆ ಇದಕ್ಕಿಂತ ಬಹಳ ಹೆಚ್ಚು ಏರಿದೆ ಎಂದು ಅವರೇ ಅಂದುಕೊಂಡಿದ್ದರು. ಇಷ್ಟೇ ತಾನೆ ಎನ್ನಬೇಡಿ: ಆ ಏರಿಕೆ ಮುಂದಿನ ತಿಂಗಳುಗಳಲ್ಲಿ ಇಳಿಯಲಿಲ್ಲ. ವರ್ಷಕ್ಕೆ ಇಷ್ಟಿಷ್ಟೇ ಕೂಡಿ ಹತ್ತು ವರ್ಷದಲ್ಲಿ ಅಂಗಿಯ ಅಳತೆ ಬದಲಾಗುತ್ತದೆ.

ಬೆಳಗಿನ ಉಪವಾಸ ಯಾಕೆ ಕೈಕೊಡುತ್ತದೆ? ಹನ್ನೆರಡು–ಹದಿನಾಲ್ಕು ಗಂಟೆ ಖಾಲಿ ಹೊಟ್ಟೆಯಲ್ಲಿ ಊಟಕ್ಕೆ ಕುಳಿತವರು ಬೇಗ ಬೇಗ ತಿನ್ನುತ್ತಾರೆ, ಕೈ ಮೊದಲು ಹೋಗುವುದೂ ಸಿಹಿ ಮತ್ತು ಕರಿದದ್ದರ ಕಡೆಗೆ. ‘ಸಾಕು’ ಎಂಬ ಸಂಕೇತ ಕರುಳಿನಿಂದ ಮಿದುಳಿಗೆ ಮುಟ್ಟಲು 15–20 ನಿಮಿಷ ಬೇಕು; ಅಷ್ಟರೊಳಗೆ ಎರಡನೇ ಸುತ್ತು ಬಡಿಸಿ ಆಗಿರುತ್ತದೆ. ಅದೂ ಅಲ್ಲದೆ, ಬೆಳಗ್ಗೆ ಏನೂ ತಿನ್ನದ ದಿನ ಮಧ್ಯಾಹ್ನದ ಊಟದ ನಂತರ ರಕ್ತದ ಸಕ್ಕರೆ ಇನ್ನೂ ಎತ್ತರಕ್ಕೆ ಏರುತ್ತದೆ. ಮಧುಮೇಹ ಇರುವವರಲ್ಲಿ ಇದು ಎದ್ದು ಕಾಣುತ್ತದೆ. ಹಾಗಾಗಿ ಔತಣದ ದಿನ ಬೆಳಗ್ಗೆ ಚಿಕ್ಕದಾಗಿ, ಆದರೆ ಪ್ರೋಟೀನ್ ಇರುವಂತೆ ತಿನ್ನಿ. ಎರಡು ಮೊಟ್ಟೆ ಮತ್ತು 250 ಮಿಲಿಲೀಟರ್ ಹಾಲು ಸೇರಿದರೆ 20 ಗ್ರಾಂ ಪ್ರೋಟೀನ್. ಮೊಟ್ಟೆ ತಿನ್ನದವರಿಗೆ 150 ಗ್ರಾಂ ಬೇಯಿಸಿದ ಕಡಲೆಕಾಳು ಮತ್ತು 200 ಗ್ರಾಂ ಮೊಸರಿನಿಂದ ಹೆಚ್ಚುಕಡಿಮೆ ಅಷ್ಟೇ ಸಿಗುತ್ತದೆ. ಜೊತೆಗೆ ಒಂದು ಹಣ್ಣಿರಲಿ. ಕಡಿಮೆ ಮಾಡಬೇಕಿದ್ದರೆ ಬೆಳಗಿನ ಪಿಷ್ಟವನ್ನು ಕಡಿಮೆ ಮಾಡಿ, ತಿಂಡಿಯನ್ನೇ ಹಾರಿಸಬೇಡಿ.

ಔತಣದಲ್ಲಿ ಹೆಚ್ಚು ತಿನ್ನಿಸುವುದು ರುಚಿಗಿಂತಲೂ ಬಗೆಗಳ ಸಂಖ್ಯೆ. ಒಂದೇ ಪದಾರ್ಥ ತಿನ್ನುತ್ತ ಹೋದರೆ ಅದರ ಮೇಲಿನ ಆಸೆ ಬೇಗ ತಣಿಯುತ್ತದೆ, ಬೇರೆ ರುಚಿಯದ್ದರ ಮೇಲಿನ ಆಸೆ ಹಾಗೇ ಉಳಿದಿರುತ್ತದೆ. ಹೊಟ್ಟೆ ಬಿರಿಯುವಷ್ಟು ಉಂಡವರಿಗೂ ಸಿಹಿಗೆ ಜಾಗ ಸಿಗುವುದು ಈ ಕಾರಣಕ್ಕೆ. ಹದಿನೈದು ಬಗೆಯಲ್ಲೂ ‘ಸ್ವಲ್ಪ ಸ್ವಲ್ಪ’ ಹಾಕಿಸಿಕೊಳ್ಳುವುದು ಮಿತದಂತೆ ಕಾಣುತ್ತದೆ, ಆದರೆ ಅತಿ ಹೆಚ್ಚು ಒಳಗೆ ಹೋಗುವುದು ಹಾಗೆ ತಿಂದಾಗಲೇ. ಮೊದಲು ಏನೇನಿದೆ ಎಂದು ಪೂರ್ತಿ ನೋಡಿ, ವರ್ಷದಲ್ಲಿ ಒಮ್ಮೆ ಮಾತ್ರ ಸಿಗುವ ಮೂರೋ ನಾಲ್ಕೋ ಆರಿಸಿಕೊಳ್ಳಿ. ಯಾವ ದಿನ ಬೇಕಾದರೂ ಸಿಗುವುದನ್ನು ಬಿಡಿ. ತಟ್ಟೆಯಲ್ಲಿ ಅರ್ಧ ಭಾಗ ತರಕಾರಿ, ಕಾಲು ಭಾಗ ಬೇಳೆಕಾಳು, ಮೀನು, ಮಾಂಸ ಅಥವಾ ಮೊಟ್ಟೆ, ಉಳಿದ ಕಾಲು ಭಾಗ ಪಿಷ್ಟ. ತರಕಾರಿ ಮತ್ತು ಪ್ರೋಟೀನನ್ನು ಮೊದಲು ತಿಂದು ಪಿಷ್ಟವನ್ನು ಕೊನೆಗೆ ತಿಂದರೆ ಅದೇ ಊಟಕ್ಕೆ ಸಕ್ಕರೆ ಏರುವುದು ಕಡಿಮೆ, ಏಕೆಂದರೆ ಜಠರ ನಿಧಾನವಾಗಿ ಖಾಲಿಯಾಗುತ್ತದೆ. ಅಮ್ಮನಿಗೆ ಇದು ಮುಖ್ಯ.

ಬಲವಂತ ಮಾಡಿ ಬಡಿಸುವವರ ವಿಷಯ. ‘ಬೇಡ, ಡಯೆಟ್‌ನಲ್ಲಿದ್ದೇನೆ’ ಎಂದರೆ ಅಲ್ಲೊಂದು ಚರ್ಚೆ ಶುರುವಾಗುತ್ತದೆ, ಚರ್ಚೆಯಲ್ಲಿ ಗೆಲ್ಲುವುದು ಸೌಟು ಹಿಡಿದವರೇ. ಮೊದಲ ಸಲ ಬೇಕಾದ್ದರಲ್ಲಿ ಅರ್ಧವೇ ಹಾಕಿಸಿಕೊಳ್ಳಿ. ಒತ್ತಾಯ ಬಂದಾಗ ಉಳಿದರ್ಧ. ಅವರಿಗೂ ಎರಡನೇ ಸಲ ಬಡಿಸಿದ ತೃಪ್ತಿ.

ಕುಡಿಯುವುದನ್ನು ಲೆಕ್ಕಕ್ಕೆ ಹಿಡಿಯುವವರು ಕಡಿಮೆ. 250 ಮಿಲಿಲೀಟರ್ ಸಿಹಿ ತಂಪುಪಾನೀಯದಲ್ಲಿ ಸಕ್ಕರೆ 25 ಗ್ರಾಮಿನ ಆಸುಪಾಸು. ವಿಶ್ವ ಆರೋಗ್ಯ ಸಂಸ್ಥೆ ಸೇರಿಸಿದ ಸಕ್ಕರೆಯನ್ನು ಒಟ್ಟು ಶಕ್ತಿಯ ಹತ್ತನೇ ಒಂದು ಭಾಗದೊಳಗೆ, ಸಾಧ್ಯವಾದರೆ ಇಪ್ಪತ್ತನೇ ಒಂದು ಭಾಗದೊಳಗೆ ಇಡಿ ಎನ್ನುತ್ತದೆ. 2,000 ಕಿಲೋಕ್ಯಾಲೊರಿ ತಿನ್ನುವವರಿಗೆ ಈ ಎರಡನೇ ಮಿತಿ 25 ಗ್ರಾಂ. ಅಂದರೆ ಒಂದು ಲೋಟದಲ್ಲೇ ದಿನದ ಪಾಲು ಮುಗಿಯಿತು, ಹೊಟ್ಟೆ ಮಾತ್ರ ತುಂಬಿರುವುದಿಲ್ಲ. ಸಿಹಿಯನ್ನು ತಿನ್ನಿ, ಕುಡಿಯಬೇಡಿ. ಮದ್ಯದ ಅಭ್ಯಾಸ ಇರುವವರಿಗೆ: ಅದು ಗ್ರಾಮಿಗೆ 7 ಕಿಲೋಕ್ಯಾಲೊರಿ, ಕೊಬ್ಬಿನ 9ಕ್ಕೆ ಹತ್ತಿರ.

ಅಡುಗೆ ನಿಮ್ಮ ಮನೆಯಲ್ಲೇ ಆಗುವುದಾದರೆ ಹೆಚ್ಚು ಹಿಡಿತ ಇರುವುದು ಎಣ್ಣೆಯ ಮೇಲೆ. 5 ಮಿಲಿಲೀಟರಿನ ಒಂದು ಚಮಚ ಎಣ್ಣೆ ಎಂದರೆ 40 ಕಿಲೋಕ್ಯಾಲೊರಿ. ಒಗ್ಗರಣೆಗೂ ಪಲ್ಯಕ್ಕೂ ಡಬ್ಬಿಯಿಂದ ನೇರವಾಗಿ ಸುರಿಯುವುದನ್ನು ಬಿಟ್ಟು ಚಮಚದಲ್ಲಿ ಅಳೆದು ಹಾಕಿದರೆ ರುಚಿ ಕೆಡದೆಯೇ ಉಳಿತಾಯ ಕಾಣುತ್ತದೆ. ಕರಿಯುವ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ: ಬಾಣಲೆಯಲ್ಲಿ ಬೇಯುವಾಗಲೇ ತಿಂಡಿ ಎಣ್ಣೆ ಕುಡಿಯುತ್ತದೆ ಎಂಬುದು. ಬೇಯುವಾಗ ಒಳಗಿನ ನೀರು ಹಬೆಯಾಗಿ ಹೊರಕ್ಕೆ ನುಗ್ಗುತ್ತಿರುತ್ತದೆ, ಆ ಒತ್ತಡ ಎಣ್ಣೆಯನ್ನು ಒಳಗೆ ಬಿಡುವುದಿಲ್ಲ. ಹೆಚ್ಚಿನ ಪಾಲು ಎಣ್ಣೆ ಒಳಸೇರುವುದು ಹೊರತೆಗೆದ ಮೇಲೆ. ತಣಿಯುತ್ತಿದ್ದಂತೆ ಹಬೆ ನೀರಾಗಿ ಒಳಗಿನ ಒತ್ತಡ ಇಳಿದು, ಮೇಲ್ಮೈಗೆ ಅಂಟಿದ ಎಣ್ಣೆಯನ್ನು ಒಳಗೆ ಎಳೆದುಕೊಳ್ಳುತ್ತದೆ. ಆದ್ದರಿಂದ ತೆಗೆದ ಕೂಡಲೇ ಜಾಲರಿಯಲ್ಲಿ ಚೆನ್ನಾಗಿ ಝಾಡಿಸಿ, ಬಿಸಿ ಇರುವಾಗಲೇ ಹೀರುಕಾಗದದ ಮೇಲೆ ಒಂದೇ ಪದರದಲ್ಲಿ ಹರಡಿ. ಐದು ನಿಮಿಷ ಬಿಟ್ಟು ಒತ್ತಿದರೆ ಬರುವುದು ಕಡಿಮೆ. ರಾಶಿ ಹಾಕಿದರೆ ಕೆಳಗಿನದು ಮೇಲಿನದರ ಎಣ್ಣೆಯನ್ನೂ ಕುಡಿಯುತ್ತದೆ, ಮೆತ್ತಗೂ ಆಗುತ್ತದೆ.

ಎಣ್ಣೆಯ ಕಾವು 170–180 ಡಿಗ್ರಿ ಸೆಲ್ಸಿಯಸ್ ಇರಲಿ. ಒಮ್ಮೆಗೇ ಬಾಣಲೆ ತುಂಬ ಹಾಕಿದರೆ ಕಾವು ಇಳಿದು, ಹೊರಪದರ ಗಟ್ಟಿಯಾಗುವುದು ತಡವಾಗಿ ತಿಂಡಿ ಜಿಡ್ಡಾಗುತ್ತದೆ. ಕಾವು ಮಿತಿಮೀರಿದರೆ ಹೊರಗೆ ಕಪ್ಪು, ಒಳಗೆ ಹಸಿ. ಮತ್ತೆ ಮತ್ತೆ ಕಾಸಿದ ಎಣ್ಣೆ ಮಂದವಾಗಿ ತಿಂಡಿಗೆ ಹೆಚ್ಚು ಅಂಟಿಕೊಳ್ಳುತ್ತದೆ. ಬಣ್ಣ ಗಾಢವಾಗಿದ್ದರೆ, ಬುರುಗು ನಿಲ್ಲದಿದ್ದರೆ, ಮೊದಲಿಗಿಂತ ಕಡಿಮೆ ಕಾವಿಗೇ ಹೊಗೆಯಾಡಿದರೆ ಎಸೆಯುವ ಹೊತ್ತು ಬಂದಿದೆ.

ಸಿಹಿಯಲ್ಲಿ ಸಕ್ಕರೆ ಇಳಿಸುವ ಮುನ್ನ ಅಲ್ಲಿ ಸಕ್ಕರೆಗೆ ಏನು ಕೆಲಸ ಎಂದು ನೋಡಿ. ಹಾಲಿನಲ್ಲಿ ಕುದಿಸುವ ಸಿಹಿಗಳಲ್ಲಿ ನಾಲ್ಕನೇ ಒಂದು ಭಾಗ ಕಡಿಮೆ ಮಾಡಿದರೆ ಹೆಚ್ಚಿನವರಿಗೆ ಗೊತ್ತೇ ಆಗುವುದಿಲ್ಲ. ಪಾಕದ ಹದದ ಮೇಲೆ ನಿಂತ ಸಿಹಿಗಳಲ್ಲಿ ಹಾಗೆ ಮಾಡಿದರೆ ಅದು ಗಟ್ಟಿಯೇ ಆಗುವುದಿಲ್ಲ. ಅಲ್ಲಿ ಸಕ್ಕರೆ ಮುಟ್ಟಬೇಡಿ, 40 ಗ್ರಾಮಿನ ಬದಲು 20 ಗ್ರಾಮಿನ ತುಂಡು ಮಾಡಿ. ಬೆಲ್ಲ, ಜೇನು ಹಾಕಿದರೆ ಹಗುರ ಎಂಬುದು ಮನಸ್ಸಿನ ಸಮಾಧಾನ ಅಷ್ಟೇ. ಶಕ್ತಿಯಲ್ಲೂ ರಕ್ತದ ಸಕ್ಕರೆ ಏರಿಸುವುದರಲ್ಲೂ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ.

ಮೂವತ್ತು ದಿನಗಳ ಸಮಸ್ಯೆ ಹುಟ್ಟುವುದು ಔತಣ ಮುಗಿದ ರಾತ್ರಿ, ಉಳಿದದ್ದನ್ನು ಎಲ್ಲಿ ಇಡುತ್ತೀರಿ ಎಂಬಲ್ಲಿ. ಊಟದ ಮೇಜಿನ ಮೇಲೆ, ಗಾಜಿನ ಡಬ್ಬಿಯಲ್ಲಿ ಇಟ್ಟ ಸಿಹಿ ಹೋಗುವಾಗ ಬರುವಾಗ ಒಂದೊಂದಾಗಿ ಖಾಲಿಯಾಗುತ್ತದೆ. ಅದು ಹಸಿವಿನ ತಿನ್ನುವಿಕೆಯಲ್ಲ, ಕಣ್ಣಿಗೆ ಬಿದ್ದದ್ದರ ತಿನ್ನುವಿಕೆ. ಅದೇ ರಾತ್ರಿ ಮೂರು ಪಾಲು ಮಾಡಿ: ಹಂಚುವುದು, ಫ್ರೀಜರಿಗೆ ಹೋಗುವುದು, ಮುಂದಿನ ಎರಡು ದಿನಕ್ಕೆ ಬೇಕಾದದ್ದು. ಮೂರನೆಯದನ್ನು ಒಳಗೆ ಕಾಣದ ಡಬ್ಬಿಯಲ್ಲಿ, ಕೈ ಸುಲಭವಾಗಿ ಎಟುಕದ ಕಡೆ ಇಡಿ. ಸಿಹಿಗೆ ಒಂದು ಹೊತ್ತು ಗೊತ್ತುಮಾಡಿ, ಊಟದ ಕೊನೆಗೆ, ತಟ್ಟೆಯಲ್ಲಿ ಹಾಕಿಕೊಂಡು, ಕುಳಿತು. ನಿಂತುಕೊಂಡು ಡಬ್ಬಿಯಿಂದ ನೇರವಾಗಿ ತಿನ್ನುವುದಿಲ್ಲ ಎಂಬ ಒಂದೇ ನಿಯಮ ಪಾಲಿಸಿದರೂ ಡಬ್ಬಿಯ ಸಿಹಿಯ ಆ 180 ಕಿಲೋಕ್ಯಾಲೊರಿಯಲ್ಲಿ ಬಹುಪಾಲು ಉಳಿತಾಯವಾಗುತ್ತದೆ.

ಉಳಿದ ಅಡುಗೆ ಹೊಟ್ಟೆ ಕೆಡಿಸುವ ಕಾಲವೂ ಇದೇ. 5ರಿಂದ 60 ಡಿಗ್ರಿಯ ನಡುವೆ ಬ್ಯಾಕ್ಟೀರಿಯಾ ವೇಗವಾಗಿ ಬೆಳೆಯುತ್ತವೆ. ಬೇಯಿಸಿದ ಪದಾರ್ಥ ಹೊರಗೆ ಎರಡು ಗಂಟೆಗಿಂತ ಹೆಚ್ಚು ಇರಬಾರದು. ದೊಡ್ಡ ಪಾತ್ರೆಯನ್ನು ಹಾಗೇ ಫ್ರಿಜ್ಜಿನಲ್ಲಿಟ್ಟರೆ ನಡುಭಾಗ ಗಂಟೆಗಟ್ಟಲೆ ಬೆಚ್ಚಗೇ ಇರುತ್ತದೆ. ಐದು ಸೆಂಟಿಮೀಟರಿಗಿಂತ ಆಳವಿಲ್ಲದ ಅಗಲ ಡಬ್ಬಿಗಳಿಗೆ ಹರಡಿ ಇಡಿ, ಮೂರು–ನಾಲ್ಕು ದಿನದೊಳಗೆ ಮುಗಿಸಿ. ಬಿಸಿ ಮಾಡುವಾಗ ಒಳಗೆಲ್ಲ ಹಬೆಯಾಡಬೇಕು, 75 ಡಿಗ್ರಿ ಮುಟ್ಟಬೇಕು. ಅನ್ನದ ಬಗ್ಗೆ ಇನ್ನೂ ಎಚ್ಚರ: ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಕುದಿತದಲ್ಲೂ ಸಾಯುವುದಿಲ್ಲ. ಹೊರಗಿಟ್ಟ ಅನ್ನದಲ್ಲಿ ಅವು ಮೊಳೆತು ಬಿಡುವ, ವಾಂತಿ ತರಿಸುವ ವಿಷ ಮತ್ತೆ ಬಿಸಿ ಮಾಡಿದರೂ ನಾಶವಾಗುವುದಿಲ್ಲ. ರಾತ್ರಿಯಿಡೀ ಹೊರಗಿದ್ದ ಅನ್ನಕ್ಕೆ ಒಗ್ಗರಣೆ ಹಾಕಿದರೆ ವಾಸನೆ ಮರೆಯಾಗಬಹುದು, ವಿಷ ಹೋಗುವುದಿಲ್ಲ.

ಇನ್ನು ಓಟ. ಔತಣದ ಮರುದಿನದ ಒಂದೂವರೆ ಗಂಟೆ ನನಗೆ ಸರಿ ಕಾಣುವುದಿಲ್ಲ. ಆ ಒಂದು ದಿನ ಸುಸ್ತಾಗಿ, ಮುಂದಿನ ಮೂರು ದಿನ ಮೈಕೈ ನೋವಿನಿಂದ ಏನೂ ಮಾಡುವುದಿಲ್ಲ, ಹಸಿವೂ ಹೆಚ್ಚುತ್ತದೆ. ದಂಡ ಕಟ್ಟುವ ಭಾವದ ವ್ಯಾಯಾಮ ಹೆಚ್ಚು ದಿನ ನಡೆಯುವುದಿಲ್ಲ. ವಯಸ್ಕರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಬಿರುಸಿನ ಚಟುವಟಿಕೆ, ಜೊತೆಗೆ ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸುವ ಕೆಲಸ. ಮಧ್ಯಮ ಎಂದರೆ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಇದನ್ನು ಒಂದೇ ಗಂಟೆಯಾಗಿ ಹುಡುಕಿದರೆ ರಜೆಯಲ್ಲಿ ಸಿಗುವುದಿಲ್ಲ, ಚೂರು ಮಾಡಿ. ಎರಡು ಊಟಗಳ ನಂತರ ಹತ್ತರಿಂದ ಹದಿನೈದು ನಿಮಿಷ ನಡೆದರೆ ವಾರಕ್ಕೆ 150 ದಾಟುವುದು ಕಷ್ಟವಲ್ಲ. ಊಟದ ನಂತರವೇ ಯಾಕೆಂದರೆ, ಕೆಲಸ ಮಾಡುತ್ತಿರುವ ಸ್ನಾಯು ಇನ್ಸುಲಿನ್ನಿಗೆ ಕಾಯದೆಯೇ ರಕ್ತದಿಂದ ಗ್ಲೂಕೋಸ್ ಎಳೆದುಕೊಳ್ಳುತ್ತದೆ. ಸಕ್ಕರೆ ಏರುತ್ತಿರುವ ಹೊತ್ತಿಗೇ ನಡೆದರೆ ಏರಿಕೆಯ ತುದಿ ತಗ್ಗುತ್ತದೆ. ಬಿರುಸು ಬೇಡ, ತುಂಬಿದ ಹೊಟ್ಟೆಯಲ್ಲಿ ಓಡಿದರೆ ಎದೆಯುರಿ, ಪಕ್ಕೆನೋವು. ಊಟದ ನಂತರ ನಡೆಯುವಾಗ ಎದೆ ಬಿಗಿದಂತಾದರೆ ಅದನ್ನು ಅಜೀರ್ಣ ಎಂದು ತಳ್ಳಿಹಾಕದೆ ವೈದ್ಯರಲ್ಲಿಗೆ ಹೋಗಿ.

ಸ್ನಾಯುಬಲ ಉಳಿಸಿಕೊಳ್ಳುವುದು, ಗಳಿಸುವುದಕ್ಕಿಂತ ಬಹಳ ಅಗ್ಗ. ನೀವು ಮೊದಲು ಮಾಡುತ್ತಿದ್ದ ವ್ಯಾಯಾಮದ ಸುತ್ತುಗಳಲ್ಲಿ ಮೂರನೇ ಒಂದು ಭಾಗ ಮಾಡಿದರೂ, ಎತ್ತುವ ಭಾರವನ್ನು ಕಡಿಮೆ ಮಾಡದಿದ್ದರೆ, ಐದು ವಾರ ಬಲ ಹಾಗೇ ನಿಲ್ಲುತ್ತದೆ. ಉಪಕರಣ ಇಲ್ಲದಿದ್ದರೆ ಹೀಗೆ ಮಾಡಿ: ಕುರ್ಚಿ ಮುಟ್ಟಿ ಏಳುವ ಸ್ಕ್ವಾಟ್ 12, ಗಟ್ಟಿ ಮೇಜಿನ ಅಂಚಿಗೆ ಕೈಯೂರಿ ಪುಷ್-ಅಪ್ 10, ತುಂಬಿದ ಕೈಚೀಲವನ್ನು ಮುಂದೆ ಬಾಗಿ ಸೊಂಟದತ್ತ ಎಳೆಯುವುದು ಪ್ರತಿ ಕೈಗೆ 12, ಅಂಗಾತ ಮಲಗಿ ಸೊಂಟ ಎತ್ತುವುದು 15. ಎರಡು ಸುತ್ತು, ಸುತ್ತಿನ ನಡುವೆ ಒಂದು ನಿಮಿಷ. ಒಟ್ಟು ಹದಿನೈದು ನಿಮಿಷ, ವಾರಕ್ಕೆ ಎರಡು ಸಲ. ಇನ್ನು ಎರಡು–ಮೂರು ಸಲ ಮಾಡಬಹುದು ಅನ್ನಿಸುವಾಗ ನಿಲ್ಲಿಸುವುದು ಸರಿಯಾದ ಹದ. ಹನ್ನೆರಡೂ ಸಲೀಸಾಗಿದ್ದರೆ ಕೈಚೀಲಕ್ಕೆ ಇನ್ನೆರಡು ನೀರಿನ ಬಾಟಲಿ ಹಾಕಿ. ಮನೆಮಂದಿ ಏಳುವ ಮುಂಚೆ ಮುಗಿಸಿ. ಹತ್ತು ಗಂಟೆಯ ನಂತರ ರಜೆಯ ದಿನ ನಿಮ್ಮ ಕೈಯಲ್ಲಿರುವುದಿಲ್ಲ. ದೂರ ಪ್ರಯಾಣವಿದ್ದರೆ ಗಂಟೆಗೊಮ್ಮೆ ಎದ್ದು ಎರಡು ನಿಮಿಷ ಓಡಾಡಿ. ನಾಲ್ಕು ಗಂಟೆಗೂ ಹೆಚ್ಚು ಅಲುಗಾಡದೆ ಕುಳಿತರೆ ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಅಪಾಯ ಹೆಚ್ಚು.

ನಿದ್ದೆಯ ಬಗ್ಗೆ ಒಂದೇ ಮಾತು: ನಿದ್ದೆಗೆಟ್ಟ ಮರುದಿನ ಹಸಿವು ಜಾಸ್ತಿ. ಕಾಫಿಯ ಕೆಫೀನ್ ಅರ್ಧ ಕರಗಲು ಸುಮಾರು ಐದು ಗಂಟೆ ಹಿಡಿಯುವುದರಿಂದ ಸಂಜೆಯ ಕಾಫಿಯನ್ನು ಮಧ್ಯಾಹ್ನಕ್ಕೆ ತನ್ನಿ.

ಅಮ್ಮನ ವಿಷಯಕ್ಕೆ ಬರೋಣ. ಮೊದಲು ಅವರ ಮಾತ್ರೆಯ ಹೆಸರು ನೋಡಿ, ಏಕೆಂದರೆ ಎಚ್ಚರಿಕೆ ಅದರ ಮೇಲೆ ನಿಂತಿದೆ. ಗ್ಲಿಮೆಪಿರೈಡ್, ಗ್ಲಿಕ್ಲಾಜೈಡ್‌ನಂಥವು (ಇನ್ಸುಲಿನ್ ಸಹ) ಊಟ ತಡವಾದರೆ ಸಕ್ಕರೆಯನ್ನು ಅಪಾಯದ ಮಟ್ಟಕ್ಕೆ ಇಳಿಸಬಹುದು. ಹೆಸರಿನ ಕೊನೆಗೆ ‘ಗ್ಲಿಫ್ಲೋಜಿನ್’ ಎಂದಿರುವವುಗಳ ಮೇಲಿದ್ದರೆ ವೈದ್ಯರನ್ನು ಕೇಳದೆ ದೀರ್ಘ ಉಪವಾಸ ಬೇಡ. ಸಕ್ಕರೆ ಹೆಚ್ಚಿಲ್ಲದಿದ್ದರೂ ಕೀಟೋನ್ (ಕೊಬ್ಬು ಕರಗುವಾಗ ಹುಟ್ಟುವ ವಸ್ತು) ಏರಿ ರಕ್ತ ಆಮ್ಲೀಯವಾಗಬಹುದು. ಮೆಟ್‌ಫಾರ್ಮಿನ್ ಒಂದರಿಂದಲೇ ಸಕ್ಕರೆ ಕುಸಿಯುವುದು ಅಪರೂಪ. ಯಾವುದೇ ಆದರೂ, ‘ಇವತ್ತು ಸಿಹಿ ತಿಂದಿದ್ದೇನೆ’ ಎಂದು ಒಂದು ಮಾತ್ರೆ ಹೆಚ್ಚು ನುಂಗುವುದು ಅಪಾಯ.

ಬೆವರು, ನಡುಕ, ತಲೆಸುತ್ತು ಕಂಡು, ರಕ್ತದ ಸಕ್ಕರೆ ಡೆಸಿಲೀಟರಿಗೆ 70 ಮಿಲಿಗ್ರಾಂಗಿಂತ ಕೆಳಗಿದ್ದರೆ 15 ಗ್ರಾಂ ಗ್ಲೂಕೋಸ್ ಅಥವಾ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ, ಏರಿಲ್ಲದಿದ್ದರೆ ಇನ್ನೊಮ್ಮೆ ಕೊಡಿ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬೇಡಿ, ಆಂಬುಲೆನ್ಸ್ ಕರೆಯಿರಿ. ಮನೆ ತುಂಬ ಸಿಹಿ ಇರುವಾಗ ಅದನ್ನೇ ಕೊಟ್ಟರಾಯಿತು ಎಂದು ತೋರುತ್ತದೆ. ಹಬ್ಬದ ಸಿಹಿಯಲ್ಲಿ ಕೊಬ್ಬು ಇರುವುದರಿಂದ ಅದರ ಸಕ್ಕರೆ ರಕ್ತಕ್ಕೆ ನಿಧಾನವಾಗಿ ಸೇರುತ್ತದೆ, ಆ ಹೊತ್ತಿಗೆ ಅದು ಉಪಯೋಗಕ್ಕೆ ಬರುವುದಿಲ್ಲ. ಚಾಕೊಲೇಟಿನ ಕಥೆಯೂ ಅಷ್ಟೇ.

ಉಳಿದಂತೆ ಅವರೂ ಸಿಹಿ ತಿನ್ನಬಹುದು: 20 ಗ್ರಾಮಿನ ಒಂದು ತುಂಡು, ಊಟದ ಕೊನೆಗೆ, ಅದರ ಬದಲಿಗೆ ಅನ್ನ ಅಥವಾ ಬ್ರೆಡ್ ಸ್ವಲ್ಪ ಕಡಿಮೆ. ಊಟದ ಮೊದಲ ತುತ್ತಿನಿಂದ ಎರಡು ಗಂಟೆಗೆ ಸಕ್ಕರೆ ಅಳೆದು ಬರೆದಿಡಿ, ಯಾವ ಊಟ ಅವರಿಗೆ ಒಗ್ಗುವುದಿಲ್ಲ ಎಂದು ಎರಡೇ ಔತಣದಲ್ಲಿ ತಿಳಿಯುತ್ತದೆ. ಓಡಾಟ ಹೆಚ್ಚಿದ ದಿನ ರಾತ್ರಿ ಪಾದದ ಅಡಿ, ಬೆರಳ ಸಂದು ನೋಡಿ. ಸ್ಪರ್ಶ ಮಂಕಾದ ಪಾದಕ್ಕೆ ಹೊಸ ಚಪ್ಪಲಿಯ ಬೊಬ್ಬೆ ಗೊತ್ತಾಗುವುದಿಲ್ಲ.

ತೂಕವನ್ನು ವಾರಕ್ಕೆ ಎರಡು ಸಲ ನೋಡಿ, ಬೆಳಗ್ಗೆ, ಶೌಚದ ನಂತರ, ಏನೂ ತಿನ್ನುವ ಮೊದಲು, ಔತಣದ ಮರುದಿನ ಬಿಟ್ಟು. 2018ರಲ್ಲಿ ಪ್ರಕಟವಾದ ಬ್ರಿಟನ್ನಿನ ಪ್ರಯೋಗವೊಂದರಲ್ಲಿ 272 ಮಂದಿಯಲ್ಲಿ ಒಂದು ಗುಂಪಿಗೆ ರಜಾಕಾಲದಲ್ಲಿ ಹೀಗೆ ತೂಕ ಬರೆದಿಡಲು ಹೇಳಿ, ಕೆಲವು ಸಲಹೆ ಕೊಟ್ಟಿದ್ದರು. ಕೊನೆಗೆ ಎರಡು ಗುಂಪುಗಳ ನಡುವೆ ಅರ್ಧ ಕಿಲೋ ವ್ಯತ್ಯಾಸ ಬಂತು. ಹಬ್ಬದ ಸಾಲು ಮುಗಿದು ಏಳನೇ ದಿನ ಬೆಳಗ್ಗೆ ತೋರುವ ತೂಕವೇ ನಿಮ್ಮ ನಿಜವಾದ ಏರಿಕೆ. ಅದು ಒಂದು ಕಿಲೋ ಇದ್ದರೆ ದಿನಕ್ಕೆ 300 ಕಿಲೋಕ್ಯಾಲೊರಿ ತಗ್ಗಿಸಿ, ಅಂದರೆ ಎರಡು ಚಮಚ ಎಣ್ಣೆ, ಒಂದು ಸಿಹಿ ಪಾನೀಯ ಬಿಟ್ಟು ಅರ್ಧ ಗಂಟೆ ಹೆಚ್ಚು ನಡೆಯಿರಿ. ಇಳಿಯಲು ನಾಲ್ಕು ವಾರದ ಹತ್ತಿರ ಹಿಡಿಯುತ್ತದೆ.